ಸಂಪಾದಕರ ಉತ್ತರ: ಡೆನ್ನಿಸ್ ಬ್ರೌನ್ ಅವರನ್ನು ಕುಣಿದು ನೆನೆಯುವುದು ಅಗೌರವವೇ?

ಮಾನ್ಯರೇ,

ಜಮೈಕಾದ ರೆಗೆ ಗಾಯಕ ಡೆನ್ನಿಸ್ ಬ್ರೌನ್ ಅವರ ನೆನಪಿಗಾಗಿ ಕಿಂಗ್‌ಸ್ಟನ್ ನಗರದ ಆರೆಂಜ್ ಸ್ಟ್ರೀಟಿನಲ್ಲಿ ಹಲವು ವರ್ಷಗಳಿಂದ ಫೆಬ್ರುವರಿಯಲ್ಲಿ ನಡೆಯುತ್ತ ಬಂದಿರುವ ಸಂಗೀತದ ರಾತ್ರಿಯ ಬಗ್ಗೆ ನಾವು ಪ್ರಕಟಿಸಿದ ಕಿರುಬರಹ ನಿಮಗೆ ಒಪ್ಪಿಗೆಯಾಗಿಲ್ಲ. ಆಳೆತ್ತರದ ಸ್ಪೀಕರುಗಳ ಮುಂದೆ ಕುಣಿಯುವುದನ್ನು ನಾವು ಶ್ರದ್ಧೆ ಎಂದು ಕರೆದದ್ದು ತಪ್ಪೆಂದು ಬರೆದಿದ್ದೀರಿ. ಕುಂದಗೋಳದಲ್ಲಿ ಸವಾಯಿ ಗಂಧರ್ವರನ್ನು ನೆನೆಯುವ ಅಹೋರಾತ್ರಿ ಸಂಗೀತದ ಗಾಂಭೀರ್ಯವನ್ನು ಅದರ ಎದುರಿಗಿಟ್ಟು, ಮಾದಕ ವ್ಯಸನಕ್ಕೆ ಸಿಲುಕಿದ್ದ ಗಾಯಕನೊಬ್ಬನನ್ನು ರಾಷ್ಟ್ರನಾಯಕರ ಸಾಲಿನಲ್ಲಿ ಸಮಾಧಿ ಮಾಡಿದ್ದು ಅಭಿಮಾನಿಗಳ ಕುರುಡಲ್ಲದೆ ಇನ್ನೇನು ಎಂದೂ ಕೇಳಿದ್ದೀರಿ. ಕೊನೆಯಲ್ಲಿ, ಇಷ್ಟೆಲ್ಲ ಹೊಗಳಿಸಿಕೊಂಡವರ ಯಾವ ಹಾಡನ್ನು ಮೊದಲು ಕೇಳಬೇಕೆಂಬ ಪ್ರಶ್ನೆಯೂ ಇದೆ. ಪತ್ರದ ಧಾಟಿ ಕಟುವಾಗಿದ್ದರೂ ಆ ಕೊನೆಯ ಪ್ರಶ್ನೆಯಿಂದಾಗಿ ವಿವರವಾಗಿ ಉತ್ತರಿಸುವ ಮನಸ್ಸಾಯಿತು.

ಮೊದಲು ಆ ಬೀದಿಯ ವಿಚಾರ. 1957ರ ಫೆಬ್ರುವರಿ 1ರಂದು ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿದ ಬ್ರೌನ್ ಬೆಳೆದದ್ದು ಆರೆಂಜ್ ಸ್ಟ್ರೀಟಿನ ಒಂದು ವಠಾರದಲ್ಲಿ. ಗಾಯಕ, ನಿರ್ಮಾಪಕ ಪ್ರಿನ್ಸ್ ಬಸ್ಟರ್ ಅವರದೂ ಸೇರಿದಂತೆ ಆ ಕಾಲದ ಎಷ್ಟೋ ರೆಕಾರ್ಡ್ ಅಂಗಡಿಗಳು ಇದ್ದದ್ದು ಅದೇ ಬೀದಿಯಲ್ಲಿ. ಹೊಸ ಹಾಡು ಅಂಗಡಿಯ ಸ್ಪೀಕರಿನಿಂದ ಬೀದಿಗೆ ಬಿದ್ದ ಕ್ಷಣದಲ್ಲೇ ಅದರ ಹಣೆಬರಹ ತೀರ್ಮಾನವಾಗುತ್ತಿತ್ತು. ಹುಡುಗ ಇನ್ನೂ ಹದಿಮೂರರ ಆಸುಪಾಸಿನಲ್ಲಿರುವಾಗಲೇ, ನಿರ್ಮಾಪಕ ಕಾಕ್ಸನ್ ಡಾಡ್ ಅವರ ಸ್ಟುಡಿಯೋ ಒನ್ ಸಂಸ್ಥೆ ಆತನ ಮೊದಲ ಆಲ್ಬಂ ಹೊರತಂದಿತು. ಅಲ್ಲಿಂದ 1999ರ ಜುಲೈ 1ರಂದು, ನಲವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೆ ಅವರು ಎಪ್ಪತ್ತೈದಕ್ಕೂ ಹೆಚ್ಚು ಆಲ್ಬಂಗಳಿಗೆ ಹಾಡಿದರು. ಅವುಗಳಲ್ಲಿ ಅವಸರದ ಕೆಲಸವೂ ಬೇಕಾದಷ್ಟಿದೆ ಎಂಬುದನ್ನು ಅಭಿಮಾನಿಗಳು ಒಪ್ಪುವುದಿಲ್ಲ, ನಾನು ಒಪ್ಪುತ್ತೇನೆ.

ಕುಣಿತದ ಪ್ರಶ್ನೆಗೆ ಉತ್ತರ ಆ ಸಂಗೀತದ ವ್ಯವಸ್ಥೆಯಲ್ಲೇ ಇದೆ. ಜಮೈಕಾದ ಬಡ ಕೇಳುಗರಿಗೆ ತಮ್ಮ ನಾಡಿನ ಹಾಡು ಮೊದಲು ಸಿಕ್ಕಿದ್ದು ಸಭಾಂಗಣದಲ್ಲಲ್ಲ, ರೇಡಿಯೋದಲ್ಲೂ ಅಷ್ಟಾಗಿ ಅಲ್ಲ. ತಗಡಿನ ಬೇಲಿಯೊಳಗಿನ ಬಯಲಿನಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಸೌಂಡ್ ಸಿಸ್ಟಂ ಕೂಟಗಳಲ್ಲಿ. ಸೌಂಡ್ ಸಿಸ್ಟಂ ಎಂದರೆ ದೊಡ್ಡ ಸ್ಪೀಕರುಗಳನ್ನೂ ರೆಕಾರ್ಡುಗಳನ್ನೂ ತಂದು ಹಾಡು ಹಾಕುವ ತಂಡ. ಅಲ್ಲಿ ಸೆಲೆಕ್ಟರ್ ಎಂಬಾತ ರೆಕಾರ್ಡುಗಳನ್ನು ಒಂದರ ಹಿಂದೊಂದರಂತೆ ಆಯ್ದು ಹಾಕುತ್ತಾನೆ; ಹಾಡು ಮನಸ್ಸಿಗೆ ಹತ್ತಿದರೆ ಜನ ಬೇಲಿಯನ್ನು ಬಡಿದು, ಕೂಗಿ, ಅದನ್ನು ಮೊದಲಿಂದ ಹಾಕಿಸುತ್ತಾರೆ. ನಮ್ಮ ಬೈಠಕ್ಕಿನಲ್ಲಿ ಒಳ್ಳೆಯ ಜಾಗ ಬಂದಾಗ ಬಾಯಿಂದ ತಾನಾಗಿ ಹೊರಡುವ ‘ವಾಹ್’ ಎಂಬ ಉದ್ಗಾರಕ್ಕೂ ಇದಕ್ಕೂ ಇರುವ ಅಂತರ ಸದ್ದಿನದಷ್ಟೇ. ಕುಂದಗೋಳದಲ್ಲಿ ಗುರುವಿನ ನೆನಪಿಗೆ ಹಾಡುವುದು ಗುರು ಬದುಕಿದ್ದಾಗ ಹಾಡಿದ ರೀತಿಯಲ್ಲೇ ಅಲ್ಲವೇ? ಆರೆಂಜ್ ಸ್ಟ್ರೀಟಿನವರೂ ತಮ್ಮ ಗಾಯಕನನ್ನು ತಾವು ಕೇಳಿ ಬೆಳೆದ ರೀತಿಯಲ್ಲೇ ನೆನೆಯುತ್ತಿದ್ದಾರೆ. ಸಾವಿನ ಮನೆಯಲ್ಲಿ ಹಾಡುವುದು ಆ ದ್ವೀಪದಲ್ಲಿ ಹೊಸ ಪದ್ಧತಿಯೂ ಅಲ್ಲ: ಯಾರೇ ತೀರಿಕೊಂಡರೂ ‘ನೈನ್ ನೈಟ್’ ಎಂಬ ಜಾಗರಣೆಗೆ ನೆಂಟರು, ನೆರೆಯವರು ಸೇರಿ, ಉಂಡು, ಹಾಡಿ, ಕುಣಿದು, ಸತ್ತವರ ಕಥೆಗಳನ್ನು ಹೇಳಿಕೊಂಡು ಅವರನ್ನು ಬೀಳ್ಕೊಡುತ್ತಾರೆ.

ನಮ್ಮ ಕಿರುಬರಹದಲ್ಲಿ ಜಾಗ ಸಾಲದೆ ಬಿಟ್ಟುಹೋದ ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ವಿಸ್ತರಿಸುತ್ತೇನೆ, ಏಕೆಂದರೆ ಅಭಿಮಾನಿಗಳ ನೆನಪು ಎಂದರೆ ಬರಿಯ ಭಾವುಕತೆಯಲ್ಲ ಎಂಬ ನನ್ನ ನಂಬಿಕೆಗೆ ಅದೇ ಆಧಾರ. ರೆಗೆಯಲ್ಲಿ ಒಂದು ಹಾಡಿನ ಬೇಸ್ ಮತ್ತು ಡ್ರಮ್ ಸೇರಿದ ತಳಹದಿಗೆ ರಿದಂ ಎನ್ನುತ್ತಾರೆ. ಒಬ್ಬರಿಗಾಗಿ ನುಡಿಸಿದ ರಿದಮ್ಮಿನ ಮೇಲೆ ಇನ್ನೊಬ್ಬರು ಹೊಸ ಸಾಹಿತ್ಯ, ಹೊಸ ರಾಗ ಕೂರಿಸಿ ಹಾಡಬಹುದು. ಹೀಗೆ ಒಂದೇ ತಳಹದಿಯ ಮೇಲೆ ಹತ್ತಾರು ಹಾಡುಗಳು ಹುಟ್ಟುತ್ತವೆ. ಬ್ರೌನ್ ಅವರು ಬ್ರಿಟನ್ನಿನ ಆಸ್ವಾದ್ ತಂಡದ ರಿದಮ್ಮಿನ ಮೇಲೆ ಹಾಡಿದ ‘ಪ್ರಾಮಿಸ್ಡ್ ಲ್ಯಾಂಡ್’ ಗೀತೆಯನ್ನು ಅವರು ತೀರಿಕೊಂಡು ಹನ್ನೊಂದು ವರ್ಷಗಳಾದ ಮೇಲೆ, 2010ರಲ್ಲಿ, ಅಮೆರಿಕದ ರ‍್ಯಾಪ್ ಗಾಯಕ ನಾಸ್ ಮತ್ತು ಬಾಬ್ ಮಾರ್ಲಿ ಅವರ ಮಗ ಡೇಮಿಯನ್ ಸೇರಿ ತಮ್ಮ ಹಾಡಿನೊಳಗೆ ಅವರ ದನಿಯ ಸಮೇತ ಎತ್ತಿಕೊಂಡರು. ಬ್ರೌನ್ ಹೆಸರನ್ನೇ ಕೇಳದ ಹುಡುಗರು ಆ ಮೂಲಕ ಅವರ ದನಿಯನ್ನು ಕೇಳಿದರು. ಫ್ರಾಂಕಿ ಪಾಲ್, ಲೂಸಿಯಾನೋ ಅವರಂಥ ಮುಂದಿನವರ ಗಾಯನದಲ್ಲಿ, ಸ್ವರವನ್ನು ಹಿಡಿದು ಸ್ವಲ್ಪ ನಡುಗಿಸಿ ಬಿಡುವ ಕಡೆಗಳಲ್ಲಿ, ಬ್ರೌನ್ ಅವರನ್ನು ಗುರುತಿಸಬಹುದು.

ಡಬ್‌ಪ್ಲೇಟ್ ಎಂಬುದು ಇನ್ನೊಂದು. ಗಾಯಕ ತನ್ನದೇ ಜನಪ್ರಿಯ ಹಾಡನ್ನು ಒಂದು ಸೌಂಡ್ ಸಿಸ್ಟಮ್ಮಿನ ಹೆಸರು ಸೇರಿಸಿ, ಅದಕ್ಕಾಗಿಯೇ ಮತ್ತೊಮ್ಮೆ ಹಾಡಿಕೊಡುವ ರೆಕಾರ್ಡ್ ಅದು. ಎದುರಾಳಿ ಸಿಸ್ಟಮ್ಮನ್ನು ಸೋಲಿಸಲು ಅದೇ ಆಯುಧ. ಗಾಯಕ ಸತ್ತ ದಿನದಿಂದ ಅಂಥ ಹೊಸ ಪ್ಲೇಟು ಹುಟ್ಟುವುದಿಲ್ಲ, ಇರುವವುಗಳ ಬೆಲೆ ಏರುತ್ತ ಹೋಗುತ್ತದೆ, ಅವುಗಳನ್ನು ಕಾಪಾಡಿ ಸರಿಯಾದ ರಾತ್ರಿಯಲ್ಲಿ ಹೊರತೆಗೆಯುವುದು ಸೆಲೆಕ್ಟರನ ಪ್ರತಿಷ್ಠೆಯಾಗುತ್ತದೆ. ನೀವು ಗದ್ದಲವೆಂದು ಕರೆದ ಆ ಕೂಟ ಒಂದು ಬಗೆಯ ದಫ್ತರಖಾನೆಯೂ ಹೌದು. ಇದರಲ್ಲಿ ಅನ್ಯಾಯವೂ ಸೇರಿಕೊಂಡಿದೆ: ಜಮೈಕಾಕ್ಕೆ ತನ್ನದೇ ಆಧುನಿಕ ಕೃತಿಸ್ವಾಮ್ಯ ಕಾನೂನು ಬಂದದ್ದು 1993ರಲ್ಲಿ. ಅದಕ್ಕೂ ಮುಂಚಿನ ಎರಡು ಮೂರು ದಶಕ ರಿದಮ್ಮುಗಳು ಧಾರಾಳವಾಗಿ ಕೈಬದಲಾದದ್ದರಿಂದ ಸಂಗೀತ ಬೆಳೆಯಿತು, ಆದರೆ ನುಡಿಸಿದವರ, ಹಾಡಿದವರ ಕೈಗೆ ಬಂದದ್ದು ಕಡಿಮೆ. ಬ್ರೌನ್ ತೀರಿಕೊಂಡ ಮೇಲೆ ತರಾತುರಿಯಲ್ಲಿ ಹೊರಬಂದ ಅಗ್ಗದ ಸಂಕಲನಗಳಿಗಿಂತ ಈ ಕೂಟಗಳೇ ಅವರಿಗೆ ಹೆಚ್ಚು ಮರ್ಯಾದೆ ತೋರಿವೆ ಎಂದು ನಾನು ಭಾವಿಸುತ್ತೇನೆ.

ವ್ಯಸನದ ಮಾತಿಗೆ ಬರುತ್ತೇನೆ. ಕೊಕೇನ್ ಅವರನ್ನು ಬಹುಕಾಲ ಕಾಡಿತ್ತು ಎಂಬುದು ಗುಟ್ಟಾಗಿ ಉಳಿದಿಲ್ಲ. 1999ರ ಮೇ ತಿಂಗಳಿನಲ್ಲಿ ಬ್ರೆಜಿಲ್ ಪ್ರವಾಸದಲ್ಲಿದ್ದಾಗ ನ್ಯುಮೋನಿಯಾ ಎಂದು ಗೊತ್ತಾಯಿತು. ಜೂನ್ 30ರ ಸಂಜೆ ಕಿಂಗ್‌ಸ್ಟನ್ನಿನ ವಿಶ್ವವಿದ್ಯಾಲಯ ಆಸ್ಪತ್ರೆಗೆ ಸೇರಿಸಿದರೂ ಮರುದಿನ ಪ್ರಾಣ ಹೋಯಿತು. ಮೊದಲೇ ಕುಗ್ಗಿದ್ದ ಶ್ವಾಸಕೋಶಕ್ಕೆ ಚಟದಿಂದ ಹಾನಿ ಹೆಚ್ಚಿತೆಂಬ ಮಾತನ್ನು ತಳ್ಳಿಹಾಕಲಾಗದು. ಕೆಲವು ಅಭಿಮಾನಿಗಳು ಈ ಭಾಗವನ್ನು ನುಂಗಿಬಿಡುತ್ತಾರೆ ಎಂಬ ನಿಮ್ಮ ದೂರು ಸರಿಯಾಗಿದೆ, ಹಾಗೆ ನುಂಗುವುದು ಗಾಯಕನಿಗೂ ಉಪಕಾರವಲ್ಲ. ಆದರೆ ಅದೊಂದರಿಂದಲೇ ಸ್ಮರಣೆಯ ಅರ್ಹತೆ ಅಳೆಯುವುದಾದರೆ ಎಷ್ಟು ನಾಡುಗಳ ಎಷ್ಟು ಸಂಗೀತಗಾರರು ಉಳಿದಾರು?

ಸಮಾಧಿಯ ಬಗ್ಗೆ ನಿಮ್ಮ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. 1999ರ ಜುಲೈ 17ರಂದು ಕಿಂಗ್‌ಸ್ಟನ್ನಿನ ನ್ಯಾಷನಲ್ ಅರೀನಾದಲ್ಲಿ ಅಂತಿಮ ಸಂಸ್ಕಾರದ ಪ್ರಾರ್ಥನೆ ನಡೆದಾಗ ಪ್ರಧಾನಿ ಪಿ. ಜೆ. ಪ್ಯಾಟರ್‌ಸನ್ ಅವರೂ ವಿರೋಧ ಪಕ್ಷದ ನಾಯಕ ಎಡ್ವರ್ಡ್ ಸೀಯಾಗಾ ಅವರೂ ಮಾತನಾಡಿದರು. ಮ್ಯಾಕ್ಸಿ ಪ್ರೀಸ್ಟ್, ಶ್ಯಾಗಿ ಮತ್ತು ಬ್ರೌನ್ ಅವರ ಮೂವರು ಗಂಡುಮಕ್ಕಳು ಹಾಡಿದರು. ಆ ಎರಡು ಪಕ್ಷಗಳ ಹೊಡೆದಾಟದಲ್ಲಿ 1980ರ ಚುನಾವಣೆಯ ವರ್ಷವೊಂದರಲ್ಲೇ ನೂರಾರು ಜನ ಸತ್ತಿದ್ದರು, ಕಿಂಗ್‌ಸ್ಟನ್ನಿನ ಕೇರಿ ಕೇರಿಗಳು ಪಕ್ಷದ ಲೆಕ್ಕದಲ್ಲಿ ಒಡೆದುಹೋಗಿದ್ದವು ಎಂಬುದನ್ನು ನೆನೆದರೆ, ಎರಡೂ ಕಡೆಯ ಮನೆಗಳಲ್ಲಿ ಕೇಳುತ್ತಿದ್ದ ದನಿಯೊಂದಕ್ಕೆ ರಾಷ್ಟ್ರನಾಯಕರಾದ ಮಾರ್ಕಸ್ ಗಾರ್ವಿ, ನಾರ್ಮನ್ ಮ್ಯಾನ್ಲಿ ಮಲಗಿರುವ ನ್ಯಾಷನಲ್ ಹೀರೋಸ್ ಪಾರ್ಕಿನಲ್ಲಿ ಜಾಗ ಸಿಕ್ಕಿದ್ದು ಅತಿಯೆನಿಸುವುದಿಲ್ಲ. ಬಾಬ್ ಮಾರ್ಲಿ ಅಲ್ಲಿಲ್ಲ, ಅವರ ಸಮಾಧಿ ಅವರ ಹುಟ್ಟೂರು ನೈನ್ ಮೈಲ್‌ನಲ್ಲಿದೆ. 2020ರಲ್ಲಿ ತೀರಿಕೊಂಡ ರೆಗೆ ಗಾಯಕ ಟೂಟ್ಸ್ ಹಿಬರ್ಟ್ ಕೂಡ ಈಗ ಅದೇ ಪಾರ್ಕಿನಲ್ಲಿದ್ದಾರೆ. 2008ರಿಂದ ಜಮೈಕಾ ಸರ್ಕಾರವೇ ಫೆಬ್ರುವರಿಯನ್ನು ರೆಗೆ ಮಾಸವೆಂದು ಆಚರಿಸುತ್ತಿದೆ. ಬ್ರೌನ್ ಹುಟ್ಟಿದ್ದು ಆ ತಿಂಗಳ 1ರಂದು, ಮಾರ್ಲಿ ಹುಟ್ಟಿದ್ದು 6ರಂದು. ಇಬ್ಬರಲ್ಲಿ ಯಾರು ದೊಡ್ಡವರೆಂಬ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ, ನಾನು ಅದರಲ್ಲಿ ತಲೆಹಾಕುವುದಿಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ‘ಮನಿ ಇನ್ ಮೈ ಪಾಕೆಟ್’ ಹಾಡಿನಿಂದ ಆರಂಭಿಸಿ, ಆದರೆ ಅದರ ಎರಡೂ ರೂಪಗಳನ್ನು ಒಟ್ಟಿಗೆ ಕೇಳಿ. ಮೊದಲನೆಯದನ್ನು ಜೋ ಗಿಬ್ಸ್ ಅವರಿಗಾಗಿ 1972ರಲ್ಲಿ ಹಾಡಿದಾಗ ಅವರಿಗೆ ಹದಿನೈದು ವರ್ಷ. ಎರಡನೆಯದನ್ನು 1978ರಲ್ಲಿ ಅದೇ ನಿರ್ಮಾಪಕರಿಗೆ ಮತ್ತೆ ಹಾಡಿದರು. ಅದು ಮರುವರ್ಷ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 14ನೆಯ ಸ್ಥಾನದವರೆಗೆ ಏರಿತು. ಜೇಬಿನಲ್ಲಿ ದುಡ್ಡಿದೆ, ಪ್ರೀತಿ ಮಾತ್ರ ಸಿಕ್ಕಿಲ್ಲ ಎಂಬಷ್ಟೇ ಆ ಹಾಡಿನ ಗೋಳು. ನಿಮಗೆ ಯಾವ ರೂಪ ಹಿಡಿಸಿತೆಂದು ಬರೆದು ತಿಳಿಸಿ. ನನ್ನ ಮತ 1972ರದಕ್ಕೆ.

ಇಂತು,
ಸಂಪಾದಕ