‘ಬಾ’ ಎಂದು ಯಾರು ಹೇಳಬೇಕು?

ಚಳ್ಳಕೆರೆಯ ಓದುಗರೊಬ್ಬರ ಪತ್ರದ ಸಾರ ಇಷ್ಟು: ಮಗಳು ಜಾರ್ಜಿಯಾದ ಟಿಬಿಲಿಸಿಯಲ್ಲಿ ಎರಡನೆಯ ವರ್ಷದ ವೈದ್ಯಕೀಯ ಓದುತ್ತಿದ್ದಾಳೆ. ನಿವೇಶನ ಅಡವಿಟ್ಟು ಕಳಿಸಿದ್ದಾರೆ. ಸುತ್ತಲಿನ ದೇಶಗಳ ಸುದ್ದಿ ನೋಡಿ ರಾತ್ರಿ ನಿದ್ದೆ ಹತ್ತುತ್ತಿಲ್ಲ. ಕರೆಸಿಕೊಳ್ಳಲೇ, ಬಿಡಲೇ ಎಂದು ಕೇಳಿದ್ದಾರೆ. ಕಳೆದ ಸಂಚಿಕೆಯಲ್ಲಿ ನಾನು ‘ವಿದೇಶಿ ಸೀಟಿನ ಹುಚ್ಚು’ ಎಂದು ಬರೆದದ್ದಕ್ಕೆ ಸಿಟ್ಟಾಗಿ, ಚಂದಾ ನಿಲ್ಲಿಸಿ ಎಂದೂ ಹೇಳಿದ್ದಾರೆ.

ಸಿಟ್ಟಿನ ಲೆಕ್ಕವನ್ನು ಮೊದಲು ತೀರಿಸುತ್ತೇನೆ. ‘ಹುಚ್ಚು’ ಎಂದದ್ದು ತಪ್ಪು. ನೀಟ್‌ನಲ್ಲಿ ಸರ್ಕಾರಿ ಸೀಟು ಕೈತಪ್ಪಿ, ಮ್ಯಾನೇಜ್‌ಮೆಂಟ್ ಸೀಟಿನ ಶುಲ್ಕ ವಿಚಾರಿಸಿ ಬಂದ ಸಂಜೆ ಎಷ್ಟೋ ಮನೆಗಳಲ್ಲಿ ಭೂಪಟ ತೆರೆದುಕೊಳ್ಳುತ್ತದೆ. ಅದು ಲೆಕ್ಕಾಚಾರ, ಹುಚ್ಚಲ್ಲ. ಮಾತನ್ನು ಹಿಂತೆಗೆದುಕೊಂಡಿದ್ದೇನೆ.

ಇನ್ನು ನಿಮ್ಮ ಪ್ರಶ್ನೆ. ಟಿವಿ ನೋಡಿ ಹುಟ್ಟಿದ ಭಯಕ್ಕೆ ಮಗಳನ್ನು ಕರೆಸಿಕೊಳ್ಳಬೇಡಿ. ಆದರೆ ಯಾವ ಸೂಚನೆ ಬಂದರೆ ಕರೆಸಿಕೊಳ್ಳುತ್ತೀರಿ ಎಂಬುದನ್ನು ಈ ವಾರವೇ ತೀರ್ಮಾನಿಸಿ, ಅವಳಿಗೂ ತಿಳಿಸಿ. ಏಕೆಂದರೆ ಉಕ್ರೇನಿನಲ್ಲಿ ನಡೆದದ್ದನ್ನು ದಿನಾಂಕ ಹಿಡಿದು ನೋಡಿದಾಗ ನನಗೆ ಕಂಡ ಕೊರತೆ ಇದೇ.

2022ರ ಫೆಬ್ರುವರಿ 15ರಂದು ಕೀವ್‌ನ ಭಾರತೀಯ ರಾಯಭಾರ ಕಚೇರಿ ಒಂದು ಸೂಚನೆ ಹೊರಡಿಸಿತು. ಇರಲೇಬೇಕಾದ ಅಗತ್ಯವಿಲ್ಲದವರು, ಅದರಲ್ಲೂ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ದೇಶ ಬಿಡುವುದನ್ನು ಪರಿಗಣಿಸಬಹುದು ಎಂದಿತ್ತು. ‘ಪರಿಗಣಿಸಬಹುದು’! ಇತ್ತ ಕಾಲೇಜು ಹಾಜರಿ ಕೇಳುತ್ತಿದೆ, ಅತ್ತ ವಿಮಾನದ ದರ ಏರುತ್ತಿದೆ, ಊರಿನಲ್ಲಿ ಅಪ್ಪ ಸಾಲದ ಕಂತು ಕಟ್ಟುತ್ತಿದ್ದಾನೆ. ಇಪ್ಪತ್ತು ವರ್ಷದ ಹುಡುಗ ಆ ಪದವನ್ನು ಏನೆಂದು ಓದಿಕೊಳ್ಳಬೇಕು? 22ರ ಸೂಚನೆ ಗಟ್ಟಿಯಾಗಿತ್ತು: ಆನ್‌ಲೈನ್ ತರಗತಿಯ ಬಗ್ಗೆ ವಿಶ್ವವಿದ್ಯಾಲಯದ ಖಚಿತ ಮಾತಿಗೆ ಕಾಯಬೇಡಿ, ಹೊರಡಿ. 24ರ ಬೆಳಗಿನ ಜಾವ ಯುದ್ಧ ಶುರುವಾಗಿ ವಾಯುಮಾರ್ಗ ಮುಚ್ಚಿತು. ಕರೆತರಲು ಹೊರಟಿದ್ದ ಏರ್ ಇಂಡಿಯಾ ವಿಮಾನ ಅರ್ಧ ದಾರಿಯಿಂದ ಖಾಲಿಯಾಗಿ ಮರಳಿತು. ಮೊದಲ ಸೂಚನೆಯಿಂದ ಅಲ್ಲಿಗೆ ಬರೀ ಒಂಬತ್ತು ದಿನ.

ಆಮೇಲೆ ನಮ್ಮವರನ್ನು ಕರೆತರುವ ಸರ್ಕಾರದ ಕಾರ್ಯಾಚರಣೆ ‘ಆಪರೇಷನ್ ಗಂಗಾ’ ನಡೆಯಿತು. ಮುಂಚೆಯೇ ಹೊರಟವರೂ ಸೇರಿ ಸುಮಾರು 22,500 ಭಾರತೀಯರು ಮನೆ ಮುಟ್ಟಿದರು. ಅದು ಸಣ್ಣ ಕೆಲಸವಲ್ಲ. ಆದರೆ ವಿಮಾನಗಳು ಹಾರಿದ್ದು ರೊಮೇನಿಯಾ, ಹಂಗೇರಿ, ಪೋಲೆಂಡ್‌ನಂಥ ನೆರೆದೇಶಗಳಿಂದ. ಖಾರ್ಕಿವ್ ನಗರ ಇರುವುದು ಉಕ್ರೇನಿನ ಇನ್ನೊಂದು ತುದಿಯಲ್ಲಿ, ರಷ್ಯಾದ ಗಡಿಯ ಬಳಿ. ಹಾವೇರಿ ಜಿಲ್ಲೆಯ ವಿದ್ಯಾರ್ಥಿಯನ್ನು ಮಾರ್ಚ್ 1ರಂದು ನಾವು ಕಳೆದುಕೊಂಡದ್ದು ಅಲ್ಲಿಯೇ, ದಿನಸಿ ತರಲು ಹೊರಬಂದ ಹೊತ್ತಿನಲ್ಲಿ. ಮರುದಿನ, ಖಾರ್ಕಿವ್ ಬಿಡಿ, ವಾಹನ ಸಿಗದಿದ್ದರೆ ನಡೆದಾದರೂ ಹತ್ತಿರದ ಪೆಸೊಚಿನ್ ಊರು ಸೇರಿ ಎಂಬ ಆದೇಶ ಬಂತು.

ಮೊದಲೇ ಏಕೆ ಹೊರಡಲಿಲ್ಲ ಎಂದು ಆಗ ಮಕ್ಕಳನ್ನೇ ಬೈದವರಿದ್ದರು. ನಮ್ಮ ವೈದ್ಯಕೀಯ ಆಯೋಗದ 2021ರ ನಿಯಮದಂತೆ, ಅದು ಬಂದ ಮೇಲೆ ವಿದೇಶದಲ್ಲಿ ಓದಲು ಸೇರಿದವರು ಒಂದೇ ಸಂಸ್ಥೆಯಲ್ಲಿ ಕನಿಷ್ಠ 54 ತಿಂಗಳು ಓದಿ, ಅಲ್ಲಿಯೇ 12 ತಿಂಗಳ ಇಂಟರ್ನ್‌ಶಿಪ್ ಮುಗಿಸಬೇಕು. ಮೊದಲೇ ಸೇರಿದ್ದವರೂ ಹಳೆಯ ನಿಯಮದಂತೆ ಇಡೀ ಓದನ್ನು ಒಂದೇ ಸಂಸ್ಥೆಯಲ್ಲಿ ಮುಗಿಸಬೇಕಿತ್ತು. ಕಾಲೇಜು ತಪ್ಪಿದರೆ ಪದವಿಯೇ ತಪ್ಪೀತು ಎಂಬ ಅಂಜಿಕೆ ಪೊಳ್ಳಾಗಿರಲಿಲ್ಲ. ಆದರೂ ಅದೇ ಆಯೋಗ 2022ರ ಸೆಪ್ಟೆಂಬರಿನಲ್ಲಿ ಉಕ್ರೇನಿನಿಂದ ಮರಳಿದವರು ಬೇರೆ ದೇಶಗಳ ಕಾಲೇಜುಗಳಲ್ಲಿ ಓದು ಮುಂದುವರಿಸಲು ಒಪ್ಪಿತು. ತಡವಾಯಿತು, ಅಲೆದಾಟವಾಯಿತು, ಆದರೂ ನಿಯಮ ಬಾಗಿತು.

ಆದ್ದರಿಂದ ಮೊದಲು ‘ಬಾ’ ಎನ್ನಬೇಕಾದವರು ನೀವು. ರಾಯಭಾರ ಕಚೇರಿ ‘ಪರಿಗಣಿಸಿ’ ಎಂದ ದಿನವೇ ಟಿಕೆಟ್ ತೆಗೆಸುತ್ತೇನೆ, ಹಾಜರಿ ಹೋದರೆ ಹೋಗಲಿ, ಸಾಲದ ಚಿಂತೆ ನನಗಿರಲಿ ಎಂದು ಮಗಳಿಗೆ ಈಗಲೇ ಹೇಳಿಡಿ. ಟಿಕೆಟ್ಟಿನ ಹಣ ಬೇರೆ ಖಾತೆಯಲ್ಲಿರಲಿ. ಹಬ್ಬ ಬಂದರೂ ಅದನ್ನು ಮುಟ್ಟಬೇಡಿ. ಏನೂ ಆಗದೆ ಅವಳು ತಿಂಗಳು ಬಿಟ್ಟು ವಾಪಸು ಹೋದರೆ ನೆಂಟರು ನಗುತ್ತಾರೆ. ನಗಲಿ.

ಎಲ್ಲ ಅಪಾಯಕ್ಕೂ ಓಟವೇ ಮದ್ದಲ್ಲ ಎಂಬುದನ್ನೂ ಸೇರಿಸಬೇಕು. 2024ರ ಮೇ ತಿಂಗಳಲ್ಲಿ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಗುಂಪುಗಳು ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲುಗಳಿಗೆ ನುಗ್ಗಿದಾಗ, ಹೊರಗೆ ಬರಬೇಡಿ ಎಂಬುದೇ ರಾಯಭಾರ ಕಚೇರಿಯ ಸಲಹೆಯಾಗಿತ್ತು. ಬೀದಿ ಗಲಭೆಯಲ್ಲಿ ಬಾಗಿಲು ಹಾಕಿ ಕೂರಬೇಕು, ಎರಡು ಸೇನೆಗಳ ನಡುವೆ ಸಿಕ್ಕರೆ ಬೇಗ ದೂರ ಸರಿಯಬೇಕು. ಅಲ್ಲಿದ್ದವರಿಗೆ ಈ ವ್ಯತ್ಯಾಸ ತಿಳಿಸುವವರು ಬೇಕು. ಅದಕ್ಕೇ ಮಗಳ ಹೆಸರು, ವಿಳಾಸ, ಫೋನ್ ಸಂಖ್ಯೆ ರಾಯಭಾರ ಕಚೇರಿಯಲ್ಲೂ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲಿನಲ್ಲೂ ಇರಬೇಕು. ಕೋಣೆ ಬದಲಿಸಿದಾಗ ಅಲ್ಲಿ ವಿಳಾಸ ಬದಲಿಸುವುದನ್ನು ಮಕ್ಕಳು ಮರೆಯುತ್ತಾರೆ, ನೀವು ನೆನಪಿಸಿ.

ಟಿಬಿಲಿಸಿಯದೇ ಮಾತು ಹೇಳುವುದಾದರೆ, ವಿಮಾನ ನಿಂತರೆ ಯಾವ ರಸ್ತೆ? ಅಜರ್‌ಬೈಜಾನ್ 2020ರ ಕೋವಿಡ್ ಕಾಲದಲ್ಲಿ ತನ್ನ ಭೂಗಡಿ ಮುಚ್ಚಿ, ಆ ಅವಧಿಯನ್ನು ವರ್ಷಗಟ್ಟಲೆ ವಿಸ್ತರಿಸುತ್ತ ಬಂದ ದೇಶ. ಉತ್ತರಕ್ಕೆ ರಷ್ಯಾ. ಉಳಿಯುವುದು ತುರ್ಕಿಯೆ ಮತ್ತು ಅರ್ಮೇನಿಯಾ. 2025ರ ಜೂನ್‌ನಲ್ಲಿ ಇರಾನಿನ ಉರ್ಮಿಯಾದಲ್ಲಿ ಓದುತ್ತಿದ್ದ ನಮ್ಮ ವಿದ್ಯಾರ್ಥಿಗಳನ್ನು ರಸ್ತೆಯ ಮೂಲಕ ದಾಟಿಸಿದ್ದೂ ಅರ್ಮೇನಿಯಾಕ್ಕೆ. ಅಲ್ಲಿಂದ ದೆಹಲಿಗೆ ವಿಮಾನ. ಅರ್ಮೇನಿಯಾದ ರಾಜಧಾನಿ ಯೆರೆವಾನ್‌ಗೆ ಬಸ್ಸು ಎಲ್ಲಿಂದ ಹೊರಡುತ್ತದೆ, ವೀಸಾ ಹೇಗೆ ಸಿಗುತ್ತದೆ ಎಂಬುದನ್ನು ಮಗಳು ಶಾಂತಿಯ ದಿನಗಳಲ್ಲೇ ವಿಚಾರಿಸಿಟ್ಟಿರಲಿ. ಪಾಸ್‌ಪೋರ್ಟ್ ಅವಳ ಕೈಯಲ್ಲೇ ಇರಬೇಕು. ನವೀಕರಣದ ನೆಪದಲ್ಲಿ ಅದು ಏಜೆಂಟನ ಮೇಜಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೆ ಇವತ್ತೇ ಜಗಳವಾಡಿ ಬಿಡಿಸಿಕೊಳ್ಳಿ. ಪ್ರತಿ ಸೆಮಿಸ್ಟರಿನ ಅಂಕಪಟ್ಟಿಯ ಪ್ರತಿ ನಿಮ್ಮ ಮನೆಯ ಬೀರುವಿನಲ್ಲಿರಲಿ.

ದಿನಕ್ಕೆ ಐದು ಸಲ ಫೋನ್ ಮಾಡುತ್ತೇನೆ, ಮಗಳು ಸಿಡುಕುತ್ತಾಳೆ ಎಂದೂ ಬರೆದಿದ್ದೀರಿ. ಸಿಡುಕದೆ ಏನು ಮಾಡುತ್ತಾಳೆ? ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. 2024ರ ಜುಲೈನಲ್ಲಿ ಬಾಂಗ್ಲಾದೇಶದಲ್ಲಿ ಇಂಟರ್ನೆಟ್ಟೇ ಕಡಿದುಹೋದಾಗ ಭಾರತದ ಸಾವಿರಾರು ವಿದ್ಯಾರ್ಥಿಗಳು ಅಲ್ಲಿದ್ದರು. ಅನೇಕರು ಅಖೌರಾ, ಡಾವ್ಕಿ ಗಡಿಗಳಿಗೆ ರಸ್ತೆಯಲ್ಲೇ ಬಂದು ದಾಟಿದರು. ಅಂಥ ದಿನ ಬಂದರೆ ಎರಡು ಕಡೆಯವರೂ ಮೊದಲು ಯಾರನ್ನು ಸಂಪರ್ಕಿಸಬೇಕೆಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಮೊಬೈಲಿನಲ್ಲಲ್ಲ.

ಚಂದಾ ವಿಷಯ: ಆಗಸ್ಟ್‌ವರೆಗಿನ ಹಣ ನಮ್ಮಲ್ಲಿ ಸಂದಾಯವಾಗಿದೆ. ಅಲ್ಲಿಯವರೆಗಂತೂ ಸಂಚಿಕೆ ನಿಮ್ಮ ಮನೆಗೆ ಬರುತ್ತದೆ.

– ಸಂ.