ಕುದುರೆಯ ಹಾರ್ಮೋನು ಆಯಿಗೆ ಆದೀತೇ?

ಪ್ರಶ್ನೆ: ನಮ್ಮ ಆಯಿಗೆ ಕಿಡ್ನಿ ತೊಂದರೆ, ಡಯಾಲಿಸಿಸ್ ನಡೆಯುತ್ತಿದೆ. ರಕ್ತ ಏರಲೆಂದು ಇಪಿಒ ಇಂಜೆಕ್ಷನ್ ಕೊಡುತ್ತಾರೆ. ಬೆಂಗಳೂರಿನ ಲ್ಯಾಬೊಂದರಲ್ಲಿರುವ ತಮ್ಮ, ‘ನಮ್ಮಲ್ಲಿ ಕುದುರೆಯ ಇಪಿಒ ಇದೆ, ಕೆಂಪು ರಕ್ತಕಣಗಳ ಸಂಶೋಧನೆಗೆ ತರಿಸ್ತೇವೆ’ ಎಂದ. ಎರಡೂ ಒಂದೇ ಅಲ್ಲವೇ? ಆಯಿಗೆ ಕೊಡಬಹುದೇ?
– ಓದುಗರೊಬ್ಬರು, ಕೋಡಿಬಾಗ, ಕಾರವಾರ

ಉತ್ತರ: ಬೇಡ ತಂಗೀ, ಖಂಡಿತ ಬೇಡ. ನಾನು ಶಿರಸಿ ಸೀಮೆಯಲ್ಲಿ ದನ-ಎಮ್ಮೆ ನೋಡಿಕೊಂಡೇ ನಿವೃತ್ತನಾದ ಪಶುವೈದ್ಯ. ಆಯಿಯ ಔಷಧದ ಮಾತು ಅವರ ಡಾಕ್ಟರದ್ದು. ಆದರೆ ಕುದುರೆಯ ಹೆಸರು ಬಂತಲ್ಲ, ಅಷ್ಟು ಹೇಳಬಲ್ಲೆ.

ಇಪಿಒ ಎಂದರೆ ಎರಿಥ್ರೊಪೊಯೆಟಿನ್. ಇದು ಮುಖ್ಯವಾಗಿ ಕಿಡ್ನಿಯಲ್ಲಿ ಹುಟ್ಟುತ್ತದೆ. ಆಮ್ಲಜನಕ ಕಡಿಮೆಯಾಯಿತೆಂದು ಕಿಡ್ನಿಗೆ ತಿಳಿದರೆ ಇದರ ಉತ್ಪಾದನೆ ಏರುತ್ತದೆ. ಅದರ ಬಲದಿಂದ ಅಸ್ಥಿಮಜ್ಜೆಯ ಎಳೆಯ ಕಣಗಳು ನಡುವೆ ಸಾಯದೆ ಕೆಂಪುಕಣಗಳಾಗಿ ಬಲಿಯುತ್ತವೆ. ಸೋತ ಕಿಡ್ನಿಯಲ್ಲಿ ಇದು ಸಾಕಷ್ಟು ಹುಟ್ಟುವುದಿಲ್ಲ; ಆಯಿಗೆ ರಕ್ತ ಕಡಿಮೆಯಾದದ್ದಕ್ಕೆ ದೊಡ್ಡ ಕಾರಣ ಅದೇ. 1977ರಲ್ಲಿ ಅಮೆರಿಕದ ವಿಜ್ಞಾನಿ ಗೋಲ್ಡ್‌ವಾಸರ್ ತಂಡ ಇದನ್ನು ಶುದ್ಧವಾಗಿ ಪಡೆದದ್ದು ಜಪಾನಿನ ರೋಗಿಗಳ 2,550 ಲೀಟರ್ ಮೂತ್ರದಿಂದ! 1985ರಲ್ಲಿ ಜೀನ್ ಕೈಗೆ ಸಿಕ್ಕಿದ ವರದಿ ಬಂತು, 1989ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಒಪ್ಪಿಗೆಯೂ ಸಿಕ್ಕಿತು. ತಮ್ಮನ ಲ್ಯಾಬಿನದ್ದೂ ಅದೇ ದಾರಿಯದು: ಕುದುರೆಯ ಜೀನನ್ನು ಬೇರೆ ಜೀವಕೋಶದೊಳಗೆ ಕೂರಿಸಿ, ಹಾರ್ಮೋನನ್ನು ಅದರಿಂದಲೇ ಮಾಡಿಸಿಕೊಳ್ಳುವುದು. ಯಾವ ಕುದುರೆಯನ್ನೂ ಚುಚ್ಚಬೇಕಿಲ್ಲ.

ಎರಡೂ ಬಹುಪಾಲು ಹೋಲುತ್ತವೆ, ಪೂರ್ತಿ ಅಲ್ಲ. ಹೊನ್ನಾವರದವರ ಕನ್ನಡ ಶಿರಸಿಯವರಿಗೆ ತಿಳಿಯುತ್ತದೆ, ಆದರೆ ಎರಡು ಮಾತು ಆಡುವುದರೊಳಗೆ ‘ಇವರು ಘಟ್ಟದ ಕೆಳಗಿನವರು’ ಎಂದು ಗೊತ್ತಾಗಿಬಿಡುತ್ತದಲ್ಲ, ಹಾಗೆ. ದೇಹ ಕುದುರೆಯದ್ದನ್ನು ಹೊರಗಿನದೆಂದು ಗುರುತಿಸಿ ಅದನ್ನು ಹಿಡಿಯುವ ಪ್ರತಿಕಾಯ (ಆ್ಯಂಟಿಬಾಡಿ) ಕಟ್ಟಿತೆಂದರೆ, ಆ ಪ್ರತಿಕಾಯ ಆಯಿಯ ಮೈಯಲ್ಲಿ ಉಳಿದಿರುವ ಸ್ವಂತ ಇಪಿಒವನ್ನೂ, ಈಗ ಕೊಡುತ್ತಿರುವ ಇಂಜೆಕ್ಷನ್ನನ್ನೂ ಹಿಡಿದು ಕೂರಬಹುದು. ಇದು ಬರಿ ಊಹೆಯಲ್ಲ, ತಿರುವುಮುರುವಾಗಿ ನಡೆದದ್ದಿದೆ. ಮನುಷ್ಯರ ಇಪಿಒ ಕೊಟ್ಟ ರೇಸಿನ ಕುದುರೆಗಳಲ್ಲಿ ಕೆಲವಕ್ಕೆ ಕೆಂಪುಕಣದ ಉತ್ಪಾದನೆಯೇ ನಿಂತು, ತೀವ್ರ ರಕ್ತಹೀನತೆಯಿಂದ ಸತ್ತದ್ದೂ ಉಂಟು. ಓಡಲೆಂದು ಚುಚ್ಚಿದ್ದು, ನಿಲ್ಲಲೂ ಆಗದಂತೆ ಮಾಡಿತು.

ಇನ್ನೊಂದು, ಆ ಸೀಸೆಯನ್ನು ತಮ್ಮನ ಹತ್ತಿರ ಒಮ್ಮೆ ಸರಿಯಾಗಿ ಓದಿಸಿ. ತಳದಲ್ಲಿ ಒಣಗಿಸಿದ ಹಾರ್ಮೋನಿನ ಕಂಡೂ ಕಾಣದ ಬಿಳಿ ಪೊರೆ, ಮೈಕ್ರೋಗ್ರಾಂ ಲೆಕ್ಕ, ಲೇಬಲ್ ಮೇಲೆ ‘ಸಂಶೋಧನೆಗೆ ಮಾತ್ರ’. ಮನುಷ್ಯರ ಮೈಗೆ ಹೋಗುವ ಔಷಧಕ್ಕೆ ಮಾಡುವ ಪರೀಕ್ಷೆಗಳು ಅದಕ್ಕೆ ಆಗಿರುವುದಿಲ್ಲ.

ಈಗಿನ ಇಂಜೆಕ್ಷನ್ನನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿಡಿ, ಐಸಿನ ಡಬ್ಬಿಯಲ್ಲಿ ಅಲ್ಲ. ಕುಲುಕಬೇಡಿ. ಕೊಟ್ಟರೂ ರಕ್ತ ಏರದಿದ್ದರೆ ದೇಹದಲ್ಲಿ ಕಬ್ಬಿಣ ಎಷ್ಟಿದೆ ಎಂದು ಡಾಕ್ಟರನ್ನು ಕೇಳಿ. ಕಬ್ಬಿಣವಿಲ್ಲದೆ ಇಪಿಒ ಒಂದರಿಂದಲೇ ಹಿಮೋಗ್ಲೋಬಿನ್ ಆಗದು. ಬಿ.ಪಿ. ಮೇಲೂ ಕಣ್ಣಿರಲಿ.

ಪ್ರಶ್ನೆ: ಹಾಗಾದರೆ ಕುದುರೆಯ ಇಪಿಒ ಯಾರಿಗೆ ಬೇಕು?
– ಬಿ.ಎಸ್ಸಿ. ವಿದ್ಯಾರ್ಥಿ, ಕುಮಟಾ

ಉತ್ತರ: ಕುದುರೆಯ ರಕ್ತವನ್ನು ಅಭ್ಯಾಸ ಮಾಡುವವರಿಗೆ. ಮನುಷ್ಯರಲ್ಲಾದರೆ ಹೊಸ ರಕ್ತ ಹುಟ್ಟುತ್ತಿದೆಯೇ ಎಂಬುದಕ್ಕೆ ರಕ್ತದಲ್ಲಿರುವ ರೆಟಿಕ್ಯುಲೊಸೈಟ್, ಅಂದರೆ ಎಳೆಯ ಕೆಂಪುಕಣ, ಎಣಿಸುತ್ತೇವೆ. ಕುದುರೆ ಎಳೆಯ ಕಣಗಳನ್ನು ಮಜ್ಜೆಯಿಂದ ಹೊರಗೆ ಬಿಡುವುದೇ ಅಪರೂಪ. ಮೇಲಿಂದ ಅದರ ಗುಲ್ಮ (ಸ್ಪ್ಲೀನ್) ಕೆಂಪುಕಣಗಳ ದೊಡ್ಡ ಉಗ್ರಾಣ. ಪ್ರಾಣಿ ಬೆದರಿದರೂ ಓಡಿದರೂ ಅದು ಕುಗ್ಗಿ, ರಕ್ತದಲ್ಲಿ ಕಣಗಳ ಪ್ರಮಾಣ ತಟ್ಟನೆ ಏರುತ್ತದೆ. ಹೀಗಿರುವಾಗ ಮಜ್ಜೆಯ ಕಣಗಳನ್ನು ತಟ್ಟೆಯಲ್ಲಿ ಬೆಳೆಸಿ, ಅದೇ ಪ್ರಾಣಿಯ ಹಾರ್ಮೋನು ಹಾಕಿ ನೋಡುವುದು ಒಳ್ಳೆಯ ದಾರಿ. ರೇಸಿನ ಕುದುರೆಗೆ ಕಳ್ಳತನದಿಂದ ಕೊಟ್ಟ ಮನುಷ್ಯರ ಇಪಿಒ ಪತ್ತೆಹಚ್ಚುವ ಪರೀಕ್ಷೆಯಲ್ಲೂ, ಕುದುರೆಯದ್ದು ಯಾವುದು ಎಂದು ಬೇರ್ಪಡಿಸಲು ಹೋಲಿಕೆಗೆ ಬೇಕಾಗುತ್ತದೆ.

ಪ್ರಶ್ನೆ: ಬೀಚಿನಲ್ಲಿ ಸವಾರಿಗೆ ನಿಲ್ಲಿಸುವ ನಮ್ಮ ಕುದುರೆ ಸೊರಗಿದೆ. ರಕ್ತದ ಇಂಜೆಕ್ಷನ್ ಕೊಡಿಸಲೇ?
– ಓದುಗರು, ಭಟ್ಕಳ

ಉತ್ತರ: ವಿಜಯನಗರಕ್ಕೆ ಅರಬ್ಬಿ ಕುದುರೆ ಇಳಿಸಿದ ಬಂದರಿನಿಂದಲೇ ಈ ಪ್ರಶ್ನೆ! ಇಂಜೆಕ್ಷನ್ ಬೇಡ ಮಾರಾಯರೇ. ಹೊಸ ಲದ್ದಿಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಪಶು ಆಸ್ಪತ್ರೆಗೆ ಒಯ್ಯಿರಿ, ಜಂತುಹುಳ ಇದೆಯೇ ನೋಡುತ್ತಾರೆ. ಹಲ್ಲು ಚೂಪಾಗಿ ಕೆನ್ನೆ ಕೊರೆಯುತ್ತಿದೆಯೇ ಎಂದೂ ತೋರಿಸಿ. ಅಲ್ಲಿಯವರೆಗೆ ಸವಾರಿ ನಿಲ್ಲಿಸಿ.