ಮೀಟರ್ ಪ್ರಕಾರ ಗಾಳಿ ಚೆನ್ನಾಗಿದೆ, ಗೋಡೆ ಮಾತ್ರ ಕಪ್ಪಾಗುತ್ತಿದೆ. ಯಾವುದನ್ನು ನಂಬಲಿ?

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹತ್ತಿರ ನಿಮ್ಮ ಮನೆ. ಗಾಳಿಯ ಅತಿ ಸಣ್ಣ ಕಣಗಳನ್ನು (2.5 ಮೈಕ್ರಾನ್‌ವರೆಗಿನವು) ಅಳೆಯುವ ಪಿಎಂ 2.5 ಮೀಟರ್ ತರಿಸಿದ್ದೀರಿ. ಎಷ್ಟೋ ದಿನ ಅದು ಘನ ಮೀಟರ್‌ಗೆ 60 ಮೈಕ್ರೋಗ್ರಾಂ ಒಳಗೇ ಇರುತ್ತದೆ, ಅಂದರೆ ನಮ್ಮ ದೇಶದ 24 ಗಂಟೆಯ ಮಿತಿಯೊಳಗೆ. ಆದರೂ ಕಿಟಕಿ, ಗೋಡೆ ಕಪ್ಪಾಗುತ್ತಿವೆ. ಹಾಗಾದರೆ ಗಾಳಿಯಲ್ಲಿ ಮಸಿ ಇದೆಯಾ, ಇಲ್ವಾ ಎಂದು ಕೇಳಿದ್ದೀರಿ. ಇದೇ ಊರಿನ ಒಂದು ಕಾಲೇಜಿನ ಮಾಳಿಗೆ ಮೇಲೆ ಕಪ್ಪು ಇಂಗಾಲ, ಅಂದರೆ ಈ ಮಸಿಯನ್ನು, ಅಳೆಯುವ ಯಂತ್ರವನ್ನು ನಾನು ಎರಡು ವರ್ಷ ನೋಡಿಕೊಂಡಿದ್ದೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ನಿಮ್ಮ ಮೀಟರ್ ಒಳಗೆ ಒಂದು ಪುಟ್ಟ ಲೇಸರ್ ಇದೆ. ಕಣ ಅದರ ಮುಂದೆ ಹಾದಾಗ ಬೆಳಕು ಚದುರುತ್ತದೆ. ಆ ಚದುರಿದ ಬೆಳಕೇ ಅದಕ್ಕೆ ಲೆಕ್ಕ. ಬೆಳಗಿನ ಬಿಸಿಲು ಕಿಟಕಿಯಿಂದ ಬಿದ್ದಾಗ ಧೂಳು ಮಿನುಗುತ್ತದಲ್ಲ, ಹಾಗೆ. ಮಸಿ ಅಷ್ಟಾಗಿ ಮಿನುಗುವುದಿಲ್ಲ, ಬೆಳಕನ್ನು ನುಂಗಿಬಿಡುತ್ತದೆ. ಜೊತೆಗೆ ಈ ಅಗ್ಗದ ಮೀಟರ್‌ಗಳಿಗೆ ಸುಮಾರು 0.3 ಮೈಕ್ರಾನ್‌ಗಿಂತ ಚಿಕ್ಕ ಕಣ ಸರಿಯಾಗಿ ಕಾಣುವುದಿಲ್ಲ. ಡೀಸೆಲ್ ಮಸಿಯ ಹೆಚ್ಚಿನ ಕಣಗಳು ಅದಕ್ಕಿಂತ ಚಿಕ್ಕವು. ಭಟ್ಟಿಯಲ್ಲಿ ಉರಿಸುವ ಭತ್ತದ ಹೊಟ್ಟಿನ ಹೊಗೆ ಮುತ್ತಿಕೊಂಡಾಗ ನಿಮ್ಮ ಮೀಟರ್ ಏರುತ್ತದೆ, ನಿಜ. ಆದರೆ ಆ ಹೊಗೆಯಲ್ಲಿ ಮಸಿ ಎಷ್ಟು ಅನ್ನೋದು ಅದಕ್ಕೆ ಗೊತ್ತಾಗಲ್ಲ.

ಮಸಿಯನ್ನು ಅಳೆಯಬೇಕಾದರೆ ಅದು ನುಂಗಿದ ಬೆಳಕನ್ನೇ ಅಳೆಯಬೇಕು. ನಮ್ಮ ಹತ್ತಿರ ಇದ್ದದ್ದು ಏಥಲೋಮೀಟರ್. 1980ರ ಆಸುಪಾಸಿನಲ್ಲಿ ಅಮೆರಿಕದ ಬರ್ಕ್ಲಿ ಪ್ರಯೋಗಾಲಯದಲ್ಲಿ ರೂಪುಗೊಂಡ ಉಪಾಯ ಇದು. ಒಳಗೆ ಬಿಳಿ ಫಿಲ್ಟರ್ ಟೇಪಿನ ಸುರುಳಿ. ಪಂಪು ನಿಮಿಷಕ್ಕೆ 5 ಲೀಟರ್ ಗಾಳಿಯನ್ನು ಎಳೆದು ಟೇಪಿನ ಒಂದೇ ಜಾಗದಲ್ಲಿ ಹಾಯಿಸುತ್ತದೆ. ಮೇಲೆ ದೀಪ, ಕೆಳಗೆ ಸೆನ್ಸರ್. ಮಸಿ ಕೂತ ಹಾಗೆ ಕೆಳಗೆ ತಲುಪುವ ಬೆಳಕು ಇಳಿಯುತ್ತದೆ. ಎಷ್ಟು ಬೇಗ ಇಳಿಯಿತು ಎನ್ನುವುದರಿಂದ ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ನ್ಯಾನೋಗ್ರಾಂ ಮಸಿ ಎಂದು ಸಿಗುತ್ತದೆ. ಚುಕ್ಕಿ ತೀರಾ ಕಪ್ಪಾದರೆ ಟೇಪು ತಾನೇ ಮುಂದೆ ಸರಿಯುತ್ತದೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಯಂತ್ರದ ಬಾಗಿಲು ತೆಗೆದರೆ, ರಾತ್ರಿಯಿಡೀ ಮೂಡಿದ ಚುಕ್ಕಿಗಳು ದೋಸೆ ಹೆಂಚಿನ ತಳದ ಬಣ್ಣಕ್ಕೆ ಸಾಲಾಗಿ ಕೂತಿರುತ್ತಿದ್ದವು. ಜುಲೈ ಮಳೆಯಲ್ಲಿ ಟೇಪು ಸರಿಯುವುದೇ ಅಪರೂಪ. ಮಳೆ ಗಾಳಿಯನ್ನು ತೊಳೆಯುತ್ತದೆ ಅನ್ನೋದನ್ನು ನಾನು ಕಣ್ಣಾರೆ ಕಂಡದ್ದು ಆ ಟೇಪಿನಲ್ಲಿ.

ಯಂತ್ರ ಏಳು ಬಗೆಯ ಬೆಳಕು ಹಾಯಿಸುತ್ತದೆ, ತರಂಗಾಂತರ 370 (ನೇರಳಾತೀತ) ರಿಂದ 950 ನ್ಯಾನೋಮೀಟರ್ (ಅವಕೆಂಪು) ವರೆಗೆ. ಮಸಿಯ ಲೆಕ್ಕಕ್ಕೆ ಬಳಸುವುದು 880, ಅದೂ ಅವಕೆಂಪು ಬೆಳಕೇ. ಯಾಕೆ ಗೊತ್ತಾ? ಚಿತ್ರದುರ್ಗದ ಕಡೆಯ ಅದಿರಿನ ಧೂಳು ಕೆಂಪಗಿರುವುದೇ ನೀಲಿ ಬೆಳಕನ್ನು ಹೀರುವುದರಿಂದ. 880ರ ಹತ್ತಿರ ಅದರ ಕಾಟ ಕಡಿಮೆ. ಕಟ್ಟಿಗೆ, ಹೊಟ್ಟಿನ ಹೊಗೆ 370ರಲ್ಲಿ ಜಾಸ್ತಿ ಹೀರುತ್ತದೆ, ಡೀಸೆಲ್ ಹೊಗೆ ಅಷ್ಟಿಲ್ಲ. ಎರಡನ್ನೂ ಹೋಲಿಸಿದರೆ ಮಸಿ ಬಂದದ್ದು ಒಲೆಯಿಂದಲೋ, ಹೆದ್ದಾರಿ 48ರ ಲಾರಿಗಳಿಂದಲೋ ಎಂಬ ಅಂದಾಜು ಸಿಗುತ್ತದೆ.

ಯಂತ್ರ ಎಲ್ಲಿಡುತ್ತೀರಿ ಅನ್ನೋದು ಮುಖ್ಯ. ಮೊದಲ ತಿಂಗಳು ನಮ್ಮ ಗ್ರಾಫ್ ಹೊತ್ತಲ್ಲದ ಹೊತ್ತಿನಲ್ಲಿ ಗೋಪುರದ ಹಾಗೆ ಏಳುತ್ತಿತ್ತು. ಊರಿನ ಹೊಗೆ ಎಂದೇ ಬರೆದುಕೊಂಡೆ. ಆಮೇಲೆ ನೋಡಿದರೆ, ಕರೆಂಟ್ ಹೋದಾಗಲೆಲ್ಲ ಕೆಳಗಿನ ಡೀಸೆಲ್ ಜನರೇಟರ್ ಶುರುವಾಗುತ್ತಿತ್ತು, ಅದರ ಹೊಗೆ ನೇರ ನಮ್ಮ ಕೊಳವೆಗೇ ಬರುತ್ತಿತ್ತು. ಆ ತಿಂಗಳ ಲೆಕ್ಕವನ್ನು ಪೂರ್ತಿ ಬಿಟ್ಟೆವು. ಮನಸ್ಸಿಗೆ ಬಹಳ ಬೇಜಾರಾಗಿತ್ತು.

ಇನ್ನು ನಿಮ್ಮ ಗೋಡೆ. ಅಲ್ಲಿ ಕೂತದ್ದೆಲ್ಲ ಕಪ್ಪು ಇಂಗಾಲ ಅಲ್ಲ. ಬೆರಳಲ್ಲಿ ಉಜ್ಜಿ ನೋಡಿ. ಗರಗರ ಅಂದರೆ ಹೊಟ್ಟಿನ ಬೂದಿ. ಅದರಲ್ಲಿ ಮರಳಿನ ಅಂಶವಾದ ಸಿಲಿಕಾ ಜಾಸ್ತಿ, ಹಿಂದಿನವರು ಸುಟ್ಟ ಹೊಟ್ಟಿನಲ್ಲಿ ಹಲ್ಲುಜ್ಜುತ್ತಿದ್ದದ್ದು ಅದಕ್ಕೇ. ದಪ್ಪ ಚೂರುಗಳು ಭಟ್ಟಿಯ ಹತ್ತಿರವೇ ಉದುರುತ್ತವೆ. ನಿಜವಾದ ಮಸಿ ಕಣ ಅಷ್ಟು ಸುಲಭಕ್ಕೆ ಕೆಳಗೆ ಬೀಳಲ್ಲ. ಮಳೆ ಬಾರದಿದ್ದರೆ ದಿನಗಟ್ಟಲೆ, ವಾರದವರೆಗೂ ತೇಲುತ್ತದೆ, ಎದೆಯ ಆಳಕ್ಕೂ ಇಳಿಯುತ್ತದೆ. ನನಗೆ ನಿಮ್ಮ ಗೋಡೆಗಿಂತ ಜಾಸ್ತಿ ಚಿಂತೆ ಬಿಸಿ ಮರಳಿನ ಮುಂದೆ ದಿನವಿಡೀ ನಿಂತು ಅಕ್ಕಿ ಹುರಿಯುವವರದು. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಯೋಜನೆಯಲ್ಲಿ ದಾವಣಗೆರೆಯೂ ಇದೆ. ಆದರೆ 2009ರ ರಾಷ್ಟ್ರೀಯ ಮಾನದಂಡದ 12 ಮಾಲಿನ್ಯಗಳ ಪಟ್ಟಿಯಲ್ಲಿ ಕಪ್ಪು ಇಂಗಾಲ ಇಲ್ಲ. ಅಳತೆಯೇ ಇಲ್ಲದಿದ್ದರೆ ಅವರ ಪರವಾಗಿ ಏನಂತ ಕೇಳುವುದು?

ಮನೆಯಲ್ಲೇ ನೋಡಬೇಕೆಂದರೆ ದಾರಿ ಇದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಓದಿದ ವಿಜ್ಞಾನಿ ವಿ. ರಾಮನಾಥನ್ ಅವರ ತಂಡ ಫಿಲ್ಟರ್‌ನ ಕಪ್ಪನ್ನು ಮೊಬೈಲ್ ಫೋಟೋದಿಂದಲೇ ಅಳೆದು ತೋರಿಸಿದೆ. ಪರಿಚಯದ ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್‌ನಿಂದ ಫನಲ್, ಸಣ್ಣ ವ್ಯಾಕ್ಯೂಮ್ ಪಂಪ್, ಎರಡು ಗ್ಲಾಸ್ ಫೈಬರ್ ಫಿಲ್ಟರ್ ಕೇಳಿ. ಬೆಳಿಗ್ಗೆ 7ಕ್ಕೆ ಒಂದು ಗಂಟೆ, ಮಧ್ಯಾಹ್ನ 3ಕ್ಕೆ ಇನ್ನೊಂದು ಫಿಲ್ಟರ್‌ನಲ್ಲಿ ಒಂದು ಗಂಟೆ ಗಾಳಿ ಎಳೆಯಿರಿ. ಬೆಳಿಗ್ಗೆ ತಂಪು ಗಾಳಿ ಮುಚ್ಚಳದ ಹಾಗೆ ಹೊಗೆಯನ್ನು ನೆಲದ ಹತ್ತಿರ ಹಿಡಿದಿಡುತ್ತದೆ, ಮಧ್ಯಾಹ್ನ ಅದು ಮೇಲೆದ್ದು ಹರಡುತ್ತದೆ. ಎರಡನ್ನೂ ಒಂದು ಹೊಸ ಬಿಳಿ ಫಿಲ್ಟರ್ ಪಕ್ಕ ಇಟ್ಟು, ನೆರಳಿನಲ್ಲಿ, ಒಂದೇ ಫೋಟೋದಲ್ಲಿ ತೆಗೆಯಿರಿ. ಆ ಎರಡು ಗಂಟೆ ಮೀಟರ್ ಏನು ತೋರಿಸಿತು ಅಂತಲೂ ಪಕ್ಕದಲ್ಲಿ ಬರೆದಿಡಿ.